ಸೋಯಾ ಚೀಸ್ ಯಾಕೆ ಕರಗುವುದಿಲ್ಲ? ಹಾಲಿನ ಚೀಸ್ ಬಿಟ್ಟವರು ಏನು ಬಳಸುತ್ತೀರಿ?

ಬೇಳೆಕಾಳು

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕ ಮಗನಿಗೆ ಹಾಲಿನ ಪ್ರೋಟೀನ್ ಅಲರ್ಜಿ. ಹಾಲು, ಮೊಸರು, ಬೆಣ್ಣೆ, ಚೀಸ್ ಎಲ್ಲ ಬಂದ್. ಸೋಯಾ ಕೊಡಬಹುದು ಎಂದು ಪರೀಕ್ಷೆ ಮಾಡಿದ ಮೇಲೆ ಡಾಕ್ಟರ್ ಹೇಳಿದ್ದಾರೆ. ಸೋಯಾ ಹಾಲನ್ನು ಅವನು ತಕರಾರಿಲ್ಲದೆ ಕುಡಿಯುತ್ತಾನೆ. ತಲೆನೋವು ಇರುವುದು ಚೀಸಿನ ವಿಷಯದಲ್ಲಿ. ಅಣ್ಣನ ತಟ್ಟೆಯಲ್ಲಿ ಪಿಜ್ಜಾ ಇದ್ದಾಗ ಇವನು ಬರೀ ಬ್ರೆಡ್ ತಿನ್ನಬೇಕಾ?

ಬೇರೆ ಬೇರೆ ಸೋಯಾ ಚೀಸ್ ತಂದು ನೋಡಿದೆವು. ಒಂದು ಓವನ್‌ನಲ್ಲಿ ಕರಗಲೇ ಇಲ್ಲ. ತುರಿದು ಹಾಕಿದ್ದು ತುರಿಯಾಗಿಯೇ ಉಳಿಯಿತು, ಅಂಚು ಒಣಗಿ ಗಟ್ಟಿಯಾಯಿತು. ಇನ್ನೊಂದು ಚೆನ್ನಾಗಿ ಕರಗಿತು. ಆದರೆ ಪ್ಯಾಕೆಟ್ ಹಿಂದೆ ಓದಿದರೆ ಮೊದಲು ನೀರು, ಆಮೇಲೆ ತೆಂಗಿನೆಣ್ಣೆ, ಆಮೇಲೆ ಪಿಷ್ಟ. ಸೋಯಾ ಎಲ್ಲೋ ಕೊನೆಯಲ್ಲಿ. ಬ್ರೆಡ್‌ಗೆ ಹಚ್ಚುವ ಮೆತ್ತನೆಯದು ಮಾತ್ರ ಎಲ್ಲರಿಗೂ ಹಿಡಿಸಿತು.

ಕರಗದೆ ಇರುವುದಕ್ಕೆ ಕಾರಣ ಏನು? ಕರಗುವುದರಲ್ಲಿ ಮಗುವಿಗೆ ಸಿಗುವ ಸತ್ವ ಏನಾದರೂ ಇದೆಯಾ? ಮನೆಯಲ್ಲೇ ಮಾಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ರಾತ್ರಿಪಾಳಿ

ಚೀಸ್ ಇಲ್ಲದೆ ಬದುಕಿದವರು ಇಲ್ವಾ? ಸುಮ್ನೆ ಬಿಟ್ಟುಬಿಡಿ. ತರಕಾರಿ ಜಾಸ್ತಿ ಹಾಕಿ.

ಬೇಳೆಕಾಳು

ದೊಡ್ಡವರು ಬಿಡಬಹುದು. ನಾಲ್ಕು ಮಕ್ಕಳ ನಡುವೆ ಕೂತ ಮಗುವಿಗೆ ಇದನ್ನು ಹೇಳಿ ನೋಡಿ.

ಬಿಳಿಕೋಟು

ಆಹಾರ ತಯಾರಿಕೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕರಗುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ತಕರಾರೂ ಅಲ್ಲಿಂದಲೇ ಶುರುವಾಗುತ್ತದೆ.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸೀನ್. ಇದು ಬಿಗಿಯಾಗಿ ಮಡಿಸಿಕೊಂಡ ಪ್ರೋಟೀನ್ ಅಲ್ಲ, ಸಡಿಲವಾಗಿ ಬಿಟ್ಟುಕೊಂಡ ಸರಪಳಿ. ಈ ಸರಪಳಿಗಳು ಕ್ಯಾಲ್ಸಿಯಂ ಫಾಸ್ಫೇಟಿನ ಆಸರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತವೆ. ಉಂಡೆಯ ಮೈಮೇಲೆ ಕಪ್ಪಾ ಕೇಸೀನ್ ಎಂಬ ಕೂದಲುಕೂದಲಾದ ಪದರ ಇದೆ. ಆ ಪದರ ಇರುವ ತನಕ ಉಂಡೆಗಳು ಒಂದಕ್ಕೊಂದು ಅಂಟುವುದಿಲ್ಲ. ಹಾಲನ್ನು ಹೆಪ್ಪುಗಟ್ಟಿಸಲು ಹಾಕುವ ರೆನೆಟ್‌ನಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಆ ಕೂದಲನ್ನು ಕತ್ತರಿಸುತ್ತದೆ. ಉಂಡೆಗಳು ಕೂಡಿಕೊಂಡು ಬಲೆಯಾಗುತ್ತವೆ, ಕೊಬ್ಬು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೀಸ್ ಅಂದರೆ ಅಷ್ಟೇ.

ಈ ಬಲೆಯನ್ನು ಬಿಸಿ ಮಾಡಿದರೆ ಕೊಬ್ಬು ಕರಗುತ್ತದೆ, ಸರಪಳಿಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಎಲ್ಲ ಹರಿಯುತ್ತದೆ. ಹುಳಿ ಸರಿಯಾದ ಮಟ್ಟದಲ್ಲಿದ್ದರೆ, ಅಂದರೆ ಪಿಎಚ್ 5.2ರ ಆಸುಪಾಸು, ಸ್ವಲ್ಪ ಕ್ಯಾಲ್ಸಿಯಂ ಬಿಟ್ಟುಹೋಗಿ ಎಳೆದಷ್ಟೂ ಎಳೆ ಬರುತ್ತದೆ. ಮೊಝರೆಲ್ಲಾ ಹಾಗೆಯೇ ಆಗುವುದು.

ಸೋಯಾದ ಮುಖ್ಯ ಪ್ರೋಟೀನುಗಳು ಗ್ಲೈಸಿನಿನ್ ಮತ್ತು ಬೀಟಾ-ಕಾನ್‌ಗ್ಲೈಸಿನಿನ್. ಇವು ಬಿಗಿಯಾಗಿ ಸುತ್ತಿಕೊಂಡ ಗುಂಡುಗಳು. ಬಿಸಿ ತಾಗಿದಾಗ ಬಿಚ್ಚಿಕೊಳ್ಳುತ್ತವೆ, ಪಕ್ಕದವರ ಜೊತೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಹೆಣೆದುಕೊಂಡ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಬೆಂದ ಮೊಟ್ಟೆಯನ್ನು ಮತ್ತೆ ಬಿಸಿ ಮಾಡಿದರೆ ಕರಗುತ್ತದೆಯೇ? ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡುವ ತೋಫು ಕೂಡ ಅಷ್ಟೇ, ಬಿಸಿ ಮಾಡಿದಷ್ಟೂ ಇನ್ನೂ ಬಿಗಿ. ನಿಮ್ಮ ಓವನ್‌ನಲ್ಲಿ ತುರಿ ತುರಿಯಾಗಿಯೇ ಉಳಿದದ್ದು ತಯಾರಿಕೆಯ ದೋಷವಲ್ಲ. ಅದರಲ್ಲಿ ನಿಜವಾಗಿ ಸೋಯಾ ಇತ್ತು ಎಂದು ಅರ್ಥ!

ಬೇಳೆಕಾಳು

ತುಂಬಾ ಧನ್ಯವಾದ ಸರ್. ಹಾಗಾದರೆ ಕರಗಿದ್ದು ಏನು?

ಬಿಳಿಕೋಟು

ಸರ್ ಅಲ್ಲ, ಮೇಡಂ 🙂

ಕರಗಿದ್ದು ತೆಂಗಿನೆಣ್ಣೆ. ಎಳೆ ಬಂದಿದ್ದರೆ ಅದು ಮರಗೆಣಸಿನ ಪಿಷ್ಟ. ಆಕಾರ ಕೊಟ್ಟಿದ್ದು ಬಹುಶಃ ಕ್ಯಾರಗೀನನ್, ಅದು ಕಡಲ ಪಾಚಿಯಿಂದ ತೆಗೆದದ್ದು. ತಣ್ಣಗಿದ್ದಾಗ ಗಟ್ಟಿ, ಬಿಸಿಯಾದಾಗ ನೀರು, ಮತ್ತೆ ತಣ್ಣಗಾದರೆ ಮತ್ತೆ ಗಟ್ಟಿ. ಸೋಯಾ ಪ್ರೋಟೀನಿಗೆ ಬಾರದ ವಿದ್ಯೆ ಇದು. ಹಾಗಾಗಿ ಕಂಪನಿಗಳು ಕರಗಬೇಕು ಅಂದಾಗ ಸೋಯಾವನ್ನು ಕಡಿಮೆ ಮಾಡುತ್ತವೆ. ಪ್ರೋಟೀನ್ ಜಾಸ್ತಿ ಇದ್ದರೆ ಕರಗುವುದಿಲ್ಲ, ಚೆನ್ನಾಗಿ ಕರಗಿದರೆ ಪ್ರೋಟೀನ್ ಇಲ್ಲ. ಅಂಗಡಿಯ ಸೋಯಾ ಚೀಸಿನ ಇಕ್ಕಟ್ಟು ಇದೊಂದೇ.

ಸತ್ವದ ಪ್ರಶ್ನೆಗೆ ಬರುತ್ತೇನೆ. 100 ಗ್ರಾಂ ಚೆಡ್ಡರ್‌ನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 700 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ಬಿ12. ಎಣ್ಣೆ-ಪಿಷ್ಟದ ಚೀಸ್‌ಗಳಲ್ಲಿ ಪ್ರೋಟೀನ್ ಎಷ್ಟೋ ಸಲ 1 ಗ್ರಾಂ ಕೂಡ ಇರುವುದಿಲ್ಲ. ಹೊರಗಿನಿಂದ ಸೇರಿಸದಿದ್ದರೆ ಕ್ಯಾಲ್ಸಿಯಂ, ಬಿ12 ಕೂಡ ಇಲ್ಲ. ಅದನ್ನು ಬಾಯಿರುಚಿಗೆ ತಿನ್ನಿಸಿ, ಊಟದ ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು, ಇದು ನಿಮಗೆ ಎಲ್ಲಕ್ಕಿಂತ ಮುಖ್ಯ. ಕರಗಲಿ ಎಂದು ಕೆಲವು ಸೋಯಾ ಚೀಸ್‌ಗಳಿಗೆ ಕೇಸೀನ್ ಬೆರೆಸುತ್ತಾರೆ. ಅದು ಹಾಲಿನ ಪ್ರೋಟೀನ್! ಮುಂದೆ ದೊಡ್ಡದಾಗಿ ಸೋಯಾ ಎಂದಿರುತ್ತದೆ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲ ಎಂದಿರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ ಕೇಸೀನ್, ಸೋಡಿಯಂ ಕೇಸಿನೇಟ್ ಅಥವಾ ಕ್ಯಾಲ್ಸಿಯಂ ಕೇಸಿನೇಟ್. ಅಲರ್ಜಿ ಇರುವ ಮಗುವಿಗೆ ಇದು ನೇರ ಅಪಾಯ. ವೇ ಪುಡಿ, ಅಂದರೆ ಚೀಸ್ ಮಾಡುವಾಗ ಬೇರೆಯಾಗುವ ಹಾಲಿನ ನೀರಿನ ಪುಡಿ, ಇದ್ದರೂ ಅಷ್ಟೇ. ಒಂದೇ ಕಂಪನಿಯದಾದರೂ ಪ್ರತಿ ಸಲ ಓದಿ, ಮಿಶ್ರಣ ಬದಲಾಗುತ್ತಿರುತ್ತದೆ.

ಬೇಳೆಕಾಳು

ಕೇಸಿನೇಟ್ ಎಂಬುದನ್ನು ನಾನು ಹುಡುಕಿರಲೇ ಇಲ್ಲ ಮೇಡಂ. ಈಗಲೇ ಫ್ರಿಜ್ ತೆಗೆದು ನೋಡಿದೆ. ಇರುವುದರಲ್ಲಿ ಇಲ್ಲ, ಪುಣ್ಯ.

ತುದಿಗಾಲು

ಒಂದು ಮಾತು. ಎಲ್ಲರೂ ಒಂದೇ ಕಾರಣಕ್ಕೆ ಹಾಲಿನ ಚೀಸ್ ಬಿಡುವುದಿಲ್ಲ. ನನಗೆ ಅಲರ್ಜಿ ಇಲ್ಲ, ಲ್ಯಾಕ್ಟೋಸ್ ಜೀರ್ಣ ಆಗುವುದಿಲ್ಲ. ವರ್ಷಗಟ್ಟಲೆ ಸೋಯಾ ಚೀಸ್ ತಿಂದೆ. ಆಮೇಲೆ ಗೊತ್ತಾಯಿತು, ತಿಂಗಳುಗಟ್ಟಲೆ ಹಣ್ಣಾದ ಚೆಡ್ಡರ್, ಪಾರ್ಮೆಸಾನ್ ಇವುಗಳಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಬಹುಪಾಲು ಬೇರೆಯಾದ ನೀರಿನ ಜೊತೆ ಹೋಗುತ್ತದೆ, ಉಳಿದದ್ದನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ನನ್ನಂಥವರಿಗೆ ಬದಲಿಯೇ ಬೇಕಾಗಿಲ್ಲ.

ಕರುವಿನ ಹೊಟ್ಟೆಯ ರೆನೆಟ್ ಬೇಡ ಎಂದು ಬಿಟ್ಟವರಿಗೂ ದಾರಿ ಇದೆ. ಸೂಕ್ಷ್ಮಜೀವಿಗಳಿಂದ ಮಾಡಿದ ಕೈಮೋಸಿನ್‌ಗೆ ಅಮೆರಿಕದಲ್ಲಿ 1990ರಲ್ಲೇ ಒಪ್ಪಿಗೆ ಸಿಕ್ಕಿತು. ಈಗ ಚೀಸ್ ತಯಾರಿಕೆಯಲ್ಲಿ ಅದರ ಬಳಕೆ ಬಹಳ ವ್ಯಾಪಕ.

ಬೇಳೆಕಾಳು ಅವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಮಗುವಿಗೆ ಹಣ್ಣಾದ ಚೀಸ್ ಕೂಡ ಬೇಡ, ಪ್ರೋಟೀನ್ ಅಲ್ಲೇ ಇರುತ್ತದೆ. ಓದುವ ಬೇರೆಯವರಿಗೆ ಇರಲಿ ಎಂದು ಬರೆದೆ.

ಹಳೇಬಾಣಲೆ

ಮನೆಯಲ್ಲಿ ಮಾಡುವುದು ನನ್ನ ಪಾಲಿಗೆ ಬಿಡಿ. ನಾನು ಪ್ರಾಣಿಮೂಲದ್ದು ಏನೂ ತಿನ್ನುವುದಿಲ್ಲ, ಸುಮಾರು ವರ್ಷಗಳಿಂದ ಇದೇ ಆಟ.

ಮೊದಲು ಒಂದು ಕಿವಿಮಾತು: ಎಳೆ ಎಳೆಯಾಗಿ ಬರುವ ಚೀಸನ್ನು ಮರೆತುಬಿಡಿ. ಸೋಯಾ ಚೆನ್ನಾಗಿ ಕೊಡುವುದು ಮೆತ್ತಗೆ ಹಚ್ಚುವುದನ್ನು, ಉಪ್ಪು-ಹುಳಿಯ ಪುಡಿಪುಡಿ ಚೀಸನ್ನು, ಇನ್ನೂ ತಾಳ್ಮೆ ಇದ್ದರೆ ಹಣ್ಣಾಗಿಸಿದ್ದನ್ನು. ಈ ಮೂರರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ.

ಹಚ್ಚುವುದಕ್ಕೆ ಗಟ್ಟಿ ತೋಫು 250 ಗ್ರಾಂ. ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಿ ತೆಗೆಯಿರಿ, ಹಸಿ ವಾಸನೆ ಕಡಿಮೆಯಾಗುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಿ. ಇಲ್ಲಿ ಸೋಮಾರಿತನ ಮಾಡಿದರೆ ಎಲ್ಲ ನೀರುನೀರು. ಆಮೇಲೆ ಮಿಕ್ಸಿಗೆ ಹಾಕಿ ಎರಡು ದೊಡ್ಡ ಚಮಚ ನಿಂಬೆರಸ, ಮೂರು ದೊಡ್ಡ ಚಮಚ ವಾಸನೆ ಇಲ್ಲದ ಎಣ್ಣೆ, ಮುಕ್ಕಾಲು ಸಣ್ಣ ಚಮಚ ಉಪ್ಪು. ನುಣ್ಣಗಾಗುವ ತನಕ ತಿರುಗಿಸಿ. ಆಗಾಗ ನಿಲ್ಲಿಸಿ ಅಂಚನ್ನು ಕೆರೆದು ಒಳಗೆ ತಳ್ಳಿ. ಬಿಳಿ ಮಿಸೋ (ಹುದುಗಿಸಿದ ಸೋಯಾದ ಜಪಾನೀ ಪೇಸ್ಟ್) ಒಂದು ಚಮಚ ಹಾಕಿದರೆ ಚೀಸಿನ ಆ ನಾಲಿಗೆಗೆ ಅಂಟುವ ರುಚಿ ಬರುತ್ತದೆ. ನ್ಯೂಟ್ರಿಷನಲ್ ಯೀಸ್ಟ್ (ಬ್ರೆಡ್ ಉಬ್ಬಿಸುವುದಲ್ಲ, ರುಚಿಗೆ ಹಾಕುವ ಒಣ ಯೀಸ್ಟ್) ಇದ್ದರೂ ಆಗುತ್ತದೆ. ಎಣ್ಣೆಗೆ ಬದಲು ತೆಂಗಿನೆಣ್ಣೆ ಹಾಕಿದರೆ ಫ್ರಿಜ್‌ನಲ್ಲಿ ಒಂದು ರಾತ್ರಿಯಲ್ಲಿ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತದೆ.

ಪುಡಿಪುಡಿ ಚೀಸ್ ಇನ್ನೂ ಸುಲಭ. ಹಿಂಡಿದ ತೋಫುವನ್ನು ಕೈಯಲ್ಲೇ ಒಡೆದು ವಿನೆಗರ್, ನಿಂಬೆರಸ, ಜಾಸ್ತಿ ಉಪ್ಪು, ಸ್ವಲ್ಪ ಬೆಳ್ಳುಳ್ಳಿ, ಒಣ ಓರೆಗಾನೋ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ಸಲಾಡ್ ಮೇಲೆ ಉದುರಿಸಿ. ಕೊಬ್ಬು ಬೇಕೆನಿಸಿದರೆ ತಿನ್ನುವಾಗ ಆಲಿವ್ ಎಣ್ಣೆ ಸುರಿಯಿರಿ.

ತೋಫು ಕೊಳ್ಳುವಾಗ ಯಾವುದರಿಂದ ಹೆಪ್ಪುಗಟ್ಟಿಸಿದ್ದಾರೆ ನೋಡಿ. ಕ್ಯಾಲ್ಸಿಯಂ ಸಲ್ಫೇಟ್ ಎಂದಿದ್ದರೆ ಮಗುವಿಗೆ ಕ್ಯಾಲ್ಸಿಯಂ ಸಿಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಎಂದಿದ್ದರೆ ರುಚಿ ಚೆನ್ನಾಗಿರುತ್ತದೆ, ಕ್ಯಾಲ್ಸಿಯಂ ಅಷ್ಟಿರುವುದಿಲ್ಲ.

ರಾತ್ರಿಪಾಳಿ

ಅಕ್ಕಾ, ನಾನು ಒಮ್ಮೆ ಕಾಳು ನೆನೆಸಿ ಸೋಯಾ ಹಾಲಿನಿಂದಲೇ ಶುರು ಮಾಡಿದ್ದೆ. ಹಸಿ ಕಾಳಿನ ವಾಸನೆ ಇಡೀ ಮನೆ! ಅದಕ್ಕೇ ಬಿಟ್ಟುಬಿಡಿ ಅಂದದ್ದು.

ಹಳೇಬಾಣಲೆ

ತಣ್ಣೀರಲ್ಲಿ ರುಬ್ಬಿದಿರಿ ಅಲ್ವಾ? ಕುದಿಯುವ ನೀರು ಹಾಕಿ ರುಬ್ಬಿ ನೋಡಿ, ಅರ್ಧ ವಾಸನೆ ಅಲ್ಲೇ ಹೋಗುತ್ತದೆ.

ಬಿಳಿಕೋಟು

ಅಕ್ಕ ಹೇಳಿದ್ದು ಸರಿ. ಕಾಳಿನಲ್ಲಿ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಇದೆ. ಕಾಳು ಒಡೆದು ನೀರು, ಗಾಳಿ ಸೇರಿದ ಕೂಡಲೇ ಅದು ಕಾಳಿನ ಕೊಬ್ಬಿನ ಮೇಲೆ ಕೆಲಸ ಶುರು ಮಾಡುತ್ತದೆ. ಅದರಿಂದ ಹೆಕ್ಸನಾಲ್‌ನಂಥ ವಸ್ತುಗಳು ಹುಟ್ಟುತ್ತವೆ, ವಾಸನೆ ಅವುಗಳದು. 80 ಡಿಗ್ರಿಗಿಂತ ಬಿಸಿ ನೀರಿನಲ್ಲಿ ರುಬ್ಬಿದರೆ ಕಿಣ್ವ ಅಲ್ಲೇ ಸಾಯುತ್ತದೆ. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ವಿಧಾನವನ್ನು ರೂಪಿಸಿದರು. ಹಾಗೆಂದು ಆಮೇಲೆ ಕುದಿಸುವುದನ್ನು ಬಿಡಬೇಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ, ಚೆನ್ನಾಗಿ ಬೇಯಬೇಕು.

ಸೋಯಾ ಹಾಲನ್ನು ಹೆಪ್ಪು ಹಾಕಿ ಹುಳಿ ಮಾಡಿ, ಬಟ್ಟೆಯಲ್ಲಿ ನೇತುಹಾಕಿ ಕೂಡ ಮೆತ್ತನೆ ಚೀಸ್ ಮಾಡಬಹುದು. ನಿಂಬೆಹುಳಿಗಿಂತ ಇದರ ರುಚಿ ಮೃದು. ಆದರೆ ಬೇಳೆಕಾಳು ಅವರೇ, ಹೆಪ್ಪಿಗೆ ಹಾಲಿನ ಮೊಸರು ಒಂದು ಚಮಚ ಕೂಡ ಹಾಕಬೇಡಿ. ಹಾಲಿಲ್ಲದ ಕಲ್ಚರ್ ಎಂದೇ ಕೇಳಿ ತನ್ನಿ.

ಮೊಸರಕುಡಿಕೆ

ನನಗೊಂದು ತಕರಾರು. ಇದು ಚೀಸೇ ಅಲ್ಲದಿದ್ದರೆ ಚೀಸ್ ಎಂದು ಮಾರುವುದು ಯಾಕೆ? ತೋಫು ಅಂದರೆ ಸಾಕು. ಕೊಳ್ಳುವವರಿಗೆ ಮೋಸ ಅಲ್ವಾ?

ತುದಿಗಾಲು

ಯುರೋಪಿನಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿತ್ತು. ತೋಫುಟೌನ್ ಎಂಬ ಜರ್ಮನ್ ಕಂಪನಿಯ ಮೊಕದ್ದಮೆ. 2017ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ನಿಮ್ಮ ಕಡೆಗೇ ತೀರ್ಪು ಕೊಟ್ಟಿತು. ಬರೀ ಸಸ್ಯದಿಂದ ಮಾಡಿದ್ದನ್ನು ಅಲ್ಲಿ ಚೀಸ್ ಎಂದು ಮಾರುವಂತಿಲ್ಲ, ಪಕ್ಕದಲ್ಲಿ ಸೋಯಾ ಎಂದು ಬರೆದರೂ ಇಲ್ಲ. ನನ್ನ ಕೇಳಿದರೆ ಹೆಸರಿಗಿಂತ ಹಿಂದಿನ ಸಣ್ಣ ಅಕ್ಷರವೇ ಮುಖ್ಯ. ಮೋಸ ಆಗುವುದು ಅಲ್ಲಿ.

ಬೂಷ್ಟುಪ್ರಿಯ

ಮಾರಾಯ್ರೇ, ಇಷ್ಟು ಹೊತ್ತು ಮಾತಾಡಿದರೂ ಯಾರೂ ಸುಫು ಹೆಸರೇ ಎತ್ತಲಿಲ್ಲವಲ್ಲ! ಫುರು ಅಂತಲೂ ಕರೆಯುತ್ತಾರೆ.

ಚೀನಾದಲ್ಲಿ ನೂರಾರು ವರ್ಷಗಳಿಂದ ತೋಫುವನ್ನು ಹಣ್ಣಾಗಿಸುತ್ತಿದ್ದಾರೆ. ನೀರು ಕಡಿಮೆ ಇರುವ ತೋಫುವನ್ನು ಚೌಕ ಚೌಕ ಕತ್ತರಿಸಿ ಅದರ ಮೇಲೆ ಆಕ್ಟಿನೋಮ್ಯುಕರ್ ಅಥವಾ ಮ್ಯುಕರ್ ಜಾತಿಯ ಬೂಷ್ಟು ಬೆಳೆಸುತ್ತಾರೆ. ಕೆಲವೇ ದಿನಗಳಲ್ಲಿ ತುಂಡಿನ ಮೈತುಂಬ ಬಿಳಿ ತುಪ್ಪಳ. ಆಮೇಲೆ ಉಪ್ಪು, ಆಮೇಲೆ ಅಕ್ಕಿ ಮದ್ಯ ಸೇರಿಸಿದ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಬೂಷ್ಟಿನ ಕಿಣ್ವಗಳು ಪ್ರೋಟೀನನ್ನು ತುಂಡು ತುಂಡು ಮಾಡುತ್ತವೆ, ಆಳವಾದ ರುಚಿ ಕೊಡುವ ಗ್ಲುಟಮೇಟ್ ಬಿಡುಗಡೆಯಾಗುತ್ತದೆ. ಕೊನೆಗೆ ಬಾಯಿಗಿಟ್ಟರೆ ಕರಗುತ್ತದೆ. ಉಪ್ಪು, ಖಾರವಾದ ವಾಸನೆ, ಆಳವಾದ ರುಚಿ. ನೀಲಿ ಚೀಸ್ ತಿಂದವರಿಗೆ ಪರಿಚಯ ಹೇಳಬೇಕಾಗಿಲ್ಲ.

ಹಾಲಿನ ಚೀಸ್ ಹಣ್ಣಾಗುವಾಗ ನಡೆಯುವ ಕೆಲಸವೂ ಇದೇ ಅಲ್ವಾ? ಪ್ರೋಟೀನ್ ಒಡೆಯುವುದು, ಕೊಬ್ಬು ಒಡೆಯುವುದು. ಹಾಗಾಗಿ ಮೊಸರಕುಡಿಕೆ ಅವರೇ, ಸೋಯಾ ಚೀಸ್ ಅಂದರೆ ಏನೋ ನಿನ್ನೆ ಮೊನ್ನೆಯ ನಕಲು ಎಂದುಕೊಳ್ಳಬೇಡಿ. ಜಪಾನಿನಲ್ಲಿ ತೋಫುವನ್ನು ಮಿಸೋದಲ್ಲಿ ಹೂತಿಟ್ಟು ತೋಫು ಮಿಸೋಜುಕೆ ಮಾಡುತ್ತಾರೆ, ಅದು ಕ್ರೀಮ್ ಚೀಸಿಗೆ ತುಂಬಾ ಹತ್ತಿರ.

ಪಶ್ಚಿಮದವರ ನಕಲಿಗೂ ನೂರು ವರ್ಷ ದಾಟಿದೆ. ಲಿ ಯುಯಿಂಗ್ ಎಂಬ ಚೀನೀಯರು ಪ್ಯಾರಿಸ್ ಹತ್ತಿರ ಸೋಯಾ ಕಾರ್ಖಾನೆ ನಡೆಸಿದರು. 1910ರಲ್ಲಿ ಅವರು ಬ್ರಿಟನ್ನಿನಲ್ಲಿ ಪೇಟೆಂಟಿಗೆ ಹಾಕಿದ ಅರ್ಜಿಯಲ್ಲಿ ಸೋಯಾ ಹಾಲಿನ ಜೊತೆ ಅದರಿಂದ ಚೀಸ್ ಮಾಡುವುದೂ ಇತ್ತು.

ಮೊಸರಕುಡಿಕೆ

ಸರಿ, ಸುಫುಗೆ ಒಪ್ಪಿದೆ. ಎಣ್ಣೆ-ಪಿಷ್ಟದ ಹಾಳೆಗಳಿಗೆ ಇನ್ನೂ ಒಪ್ಪಿಲ್ಲ.

ರಾತ್ರಿಪಾಳಿ

ಸುಫು ಮನೆಯಲ್ಲಿ ಮಾಡಬಹುದಾ? ಬೂಷ್ಟು ಬರಿಸುವುದರಲ್ಲಿ ನಾನು ಪ್ರವೀಣ. ಫ್ರಿಜ್ ನೋಡಿದರೆ ಗೊತ್ತಾಗುತ್ತದೆ.

ಬೂಷ್ಟುಪ್ರಿಯ

ಕಲಿಯದೆ ಬೇಡ. ತಮಾಷೆ ಅಲ್ಲ. ತೋಫುವಿನಲ್ಲಿ ಹುಳಿ ಕಡಿಮೆ, ನೀರು ಜಾಸ್ತಿ, ಒಳಗೆ ಗಾಳಿ ಆಡುವುದಿಲ್ಲ. ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಮನೆಯಲ್ಲಿ ಹುದುಗಿಸಿದ ತೋಫುವಿನಿಂದ ಚೀನಾದಲ್ಲಿ, ಅಮೆರಿಕದಲ್ಲಿ ಬಾಟ್ಯುಲಿಸಂ ಆದ ಪ್ರಕರಣಗಳು ದಾಖಲಾಗಿವೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ತಾನಾಗಿ ಬಂದು ಕೂತ ಬೂಷ್ಟು ಸುಫು ಬೂಷ್ಟಲ್ಲ. ಅದಕ್ಕೆ ಶುದ್ಧ ಕಲ್ಚರ್, ತೂಕ ಮಾಡಿದ ಉಪ್ಪು, ಸರಿಯಾದ ಬಿಸಿ ಎಲ್ಲ ಬೇಕು. ಬಾಟಲಿಯಲ್ಲಿ ಸಿಗುವುದನ್ನು ಕೊಂಡು ತಿನ್ನಿ.

ಹಳೇಬಾಣಲೆ ಅವರ ಪುಡಿಪುಡಿ ಚೀಸಿಗೂ ಇದೇ ಮಾತು. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಆಸೆ ಬೇಡ.

ಹಳೇಬಾಣಲೆ

ನಿಜ. ಅದಕ್ಕೇ ಎಣ್ಣೆ ತಿನ್ನುವಾಗ ಸುರಿಯಿರಿ ಎಂದದ್ದು. ಫ್ರಿಜ್‌ನಲ್ಲೂ ನಾನು ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ.

ಕಂಬಳಿಹುಳ

ಯಾರಾದರೂ ಹೇಳಿ, ಗಂಡುಮಗುವಿಗೆ ಇಷ್ಟು ಸೋಯಾ ಕೊಡಬಹುದಾ? ಹೆಣ್ಣಿನ ಹಾರ್ಮೋನು ಇರುತ್ತದೆ ಅಂತಾರಲ್ಲ.

ಬಿಳಿಕೋಟು

ಈ ಪ್ರಶ್ನೆ ಬರದೆ ಸೋಯಾದ ಚರ್ಚೆ ಮುಗಿಯುವುದೇ ಇಲ್ಲ. ಸೋಯಾದಲ್ಲಿ ಇರುವುದು ಐಸೋಫ್ಲೇವೋನ್. ಆಕಾರದಲ್ಲಿ ಈಸ್ಟ್ರೋಜನ್ ಹಾರ್ಮೋನಿಗೆ ಸ್ವಲ್ಪ ಹೋಲುತ್ತದೆ, ಆದರೆ ಅದೇ ಹಾರ್ಮೋನ್ ಅಲ್ಲ, ಕೆಲಸವೂ ಬಹಳ ದುರ್ಬಲ. ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ 2021ರಲ್ಲಿ ಬಂದಿದೆ. ಟೆಸ್ಟೋಸ್ಟಿರಾನ್ ಮೇಲಾಗಲಿ, ಈಸ್ಟ್ರೋಜನ್ ಮೇಲಾಗಲಿ ಪರಿಣಾಮ ಕಾಣಲಿಲ್ಲ. ಅದು ದೊಡ್ಡವರದು. ಮಗುವಿನ ಊಟದಲ್ಲಿ ಎಷ್ಟು ಎಂಬುದನ್ನು ಅವರ ಡಾಕ್ಟರ್ ಹೇಳಲಿ.

ನಿಜವಾಗಿ ಎಚ್ಚರ ಬೇಕಾದವರು ಬೇರೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆಗೇ ಸೋಯಾ ತಿನ್ನಬಾರದು, ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಲಿನ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ. ಬೇಳೆಕಾಳು ಅವರು ಮೊದಲೇ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು.

ಕಂಬಳಿಹುಳ

ಥ್ಯಾಂಕ್ಸ್ ಮೇಡಂ. ಪರಿಸರದ ದೃಷ್ಟಿಯಿಂದ ಸೋಯಾ ಚೀಸ್ ಒಳ್ಳೆಯದು ಎನ್ನುವುದಾದರೂ ನಿಜವಾ?

ತುದಿಗಾಲು

ಒಂದು ಕಿಲೋ ಚೆಡ್ಡರ್‌ಗೆ ಸುಮಾರು 10 ಲೀಟರ್ ಹಾಲು ಬೇಕು, ಅಲ್ಲಿಂದಲೇ ಊಹಿಸಿ. ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಕಿಲೋ ಚೀಸಿಗೆ ಸರಾಸರಿ 24 ಕಿಲೋದಷ್ಟು ಹಸಿರುಮನೆ ಅನಿಲ, ಒಂದು ಕಿಲೋ ತೋಫುವಿಗೆ 3 ಕಿಲೋ. ತೋಫುವಿನಲ್ಲಿ ನೀರು ಜಾಸ್ತಿ, ಹಾಗಾಗಿ ಕಿಲೋಗೆ ಕಿಲೋ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಅಂತರ ದೊಡ್ಡದೇ. ಕಾಡು ಕಡಿದು ಸೋಯಾ ಬೆಳೆಯುತ್ತಾರೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಜಗತ್ತಿನ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗುವುದು ದನ, ಕೋಳಿ, ಹಂದಿಗಳ ಮೇವಿಗೆ.

ಬೇಳೆಕಾಳು

ಹಳೇಬಾಣಲೆ ಅಕ್ಕಾ, ನಿಮ್ಮ ಹಚ್ಚುವ ಚೀಸ್ ಮಾಡಿದೆ. ಮಿಸೋ ಸಿಗಲಿಲ್ಲ, ಯೀಸ್ಟ್ ಹಾಕಿದೆ. ಪಿಜ್ಜಾ ಮೇಲೆ ತುರಿಯುವ ಬದಲು ಸಾಸ್ ಮೇಲೆ ಚಮಚದಲ್ಲಿ ಅಲ್ಲಲ್ಲಿ ಇಟ್ಟು ಬೇಯಿಸಿದೆ. ಕರಗಲಿಲ್ಲ, ಹರಿಯಲಿಲ್ಲ, ಆದರೆ ಮೇಲೆ ಸ್ವಲ್ಪ ಕೆಂಪಾಗಿ ಒಳಗೆ ಮೆತ್ತಗೆ ಉಳಿಯಿತು. ಮಗ ತಿಂದ. ದೊಡ್ಡವನು "ಇದು ಬೇರೆ ಥರ ಇದೆ" ಅಂದು ಅದನ್ನೂ ಎರಡು ತುಂಡು ತಿಂದ. ನನ್ನವರು ಮಾತ್ರ ನಿಂಬೆ ಜಾಸ್ತಿ ಆಯಿತು ಎನ್ನುತ್ತಿದ್ದಾರೆ.

ಹಳೇಬಾಣಲೆ

ನಿಂಬೆ ಒಂದು ಚಮಚಕ್ಕೆ ಇಳಿಸಿ, ಉಪ್ಪು ಚಿಟಿಕೆ ಏರಿಸಿ. ಬಿಸಿಯಾದಾಗ ಹುಳಿ ಎದ್ದು ಕಾಣುತ್ತದೆ. ಇನ್ನೂ ಸ್ವಲ್ಪ ಹರಿಯಬೇಕೆಂದರೆ ಸೋಯಾ ಹಾಲಿಗೆ ಮರಗೆಣಸಿನ ಪಿಷ್ಟ ಎರಡು ಚಮಚ, ಎಣ್ಣೆ, ಉಪ್ಪು, ಯೀಸ್ಟ್ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಅಂಟಂಟಾಗಿ ಎಳೆ ಬರುವಾಗ ಇಳಿಸಿ ಬಿಸಿಯಿರುವಾಗಲೇ ಪಿಜ್ಜಾ ಮೇಲೆ ಸುರಿಯಿರಿ. ಬಿಳಿಕೋಟು ಅವರು ಹೇಳಿದ ಹಾಗೆ ಎಳೆ ಪಿಷ್ಟದ್ದು. ಮಕ್ಕಳು ಕೇಳುವುದಿಲ್ಲ.

ಬೇಳೆಕಾಳು

ಇದನ್ನು ಶನಿವಾರ ಮಾಡುತ್ತೇನೆ. ಉಳಿದ ಹಚ್ಚುವ ಚೀಸನ್ನು ಫ್ರೀಜರ್‌ನಲ್ಲಿ ಇಡಬಹುದಾ ಅಕ್ಕಾ?

ಹಳೇಬಾಣಲೆ

ಬೇಡ. ಕರಗಿದಾಗ ನೀರು ಬೇರೆ, ಗಸಿ ಬೇರೆ ಆಗುತ್ತದೆ. ಹಾಗೆ ಆಗಿಬಿಟ್ಟಿದ್ದರೆ ಬಿಸಾಡಬೇಡಿ, ನೀರು ಹಿಂಡಿ ಪಾಸ್ತಾ ಸಾಸಿಗೆ ಹಾಕಿ ಕುದಿಸಿ.